ಮೊದಲು ನಮ್ಮ ದೇಶ ಮುಗೀಲಿ

ನಾನು ಅವರನ್ನು ಮೊದಲು ನೋಡಿದ್ದು ಅಂಚೆ ವಿಂಗಡಣಾ ಕಚೇರಿಗೆ ಕೆಲಸಕ್ಕೆ ಸೇರಿದ ದಿನ. ಸೋಮವಾರ, ಬೆಳಿಗ್ಗೆ ಒಂಬತ್ತೂ ಕಾಲು. ಹತ್ತು ಗಂಟೆಗೆ ಹಾಜರಾಗಬೇಕೆಂದು ಆದೇಶದಲ್ಲಿತ್ತು. ನಮ್ಮ ಮನೆತನದಲ್ಲಿ ಸರ್ಕಾರಿ ಆದೇಶ ಹಿಡಿದು ಕೆಲಸಕ್ಕೆ ಹೊರಟವನು ನಾನೇ ಮೊದಲಿಗ. ಹೀಗಾಗಿ ಮುಕ್ಕಾಲು ಗಂಟೆ ಮೊದಲೇ ಹೋಗಿ ಬಾಗಿಲ ಬಳಿ ನಿಂತಿದ್ದೆ.

ಒಳಗೆ ಉದ್ದನೆಯ ಹಜಾರ. ಗೋಡೆಯುದ್ದಕ್ಕೂ ಮರದ ಗೂಡುಗಳು, ಒಂದೊಂದು ಗೂಡಿನ ಮೇಲೆ ಒಂದೊಂದು ಜಿಲ್ಲೆಯ ಹೆಸರು, ಮೂಲೆಯ ಸಾಲಿನಲ್ಲಿ ಮಾತ್ರ ಊರಿನ ಬೀದಿಗಳದು. ನೆಲದ ಮೇಲೆ ಬಾಯಿ ಕಟ್ಟಿದ ಚೀಲಗಳು ಒಂದರ ಮೇಲೊಂದು ಒರಗಿದ್ದವು. ಗೋಣಿ, ಗೋಂದು, ಅರಗು ಮೂರೂ ಬೆರೆತ ವಾಸನೆ. ಹಜಾರದ ನಡುವೆ ಎತ್ತರದ ಸ್ಟೂಲಿನ ಮೇಲೆ ಒಬ್ಬರೇ ಕೂತಿದ್ದರು. ಬೂದು ಬಣ್ಣದ ಅಂಗಿ, ದಾರ ಕಟ್ಟಿದ ಕನ್ನಡಕ. ಎಡಗೈಯಲ್ಲಿ ಕಾಗದಗಳ ಕಟ್ಟು. ಬಲಗೈ ಒಂದೊಂದೇ ಕಾಗದವನ್ನು ಗೂಡಿಗೆ ಎಸೆಯುತ್ತಿತ್ತು. ಕಣ್ಣು ಕಾಗದದ ಮೇಲಿತ್ತೇ ಹೊರತು ಗೂಡಿನ ಕಡೆ ಹೊರಳುತ್ತಲೇ ಇರಲಿಲ್ಲ. ಒಂದು ಕಾಗದವೂ ಗುರಿ ತಪ್ಪಲಿಲ್ಲ.

"ಹೊಸಬನಾ? ಯಾವ ಜಿಲ್ಲೆ?" ಎಂದರು, ತಲೆ ಎತ್ತದೆ.

ಹೆಸರು ಕೇಳಲಿಲ್ಲ, ಓದು ಕೇಳಲಿಲ್ಲ. ನಾನು ಜಿಲ್ಲೆ ಹೇಳಿದೆ. ಅವರು ಕಟ್ಟು ಕೆಳಗಿಟ್ಟು, ಮೇಜಿನ ಖಾನೆಯಿಂದ ಕೆಂಪು ಬಟ್ಟೆಯ ರಟ್ಟು ಹಾಕಿದ ದಪ್ಪ ಪುಸ್ತಕವೊಂದನ್ನು ತೆಗೆದು ಪುಟ ತಿರುವಿದರು. ಪುಟದ ನಡುವೆ ಒಂದು ದುಂಡನೆಯ ಅಂಚೆ ಮುದ್ರೆ. ನಮ್ಮ ಜಿಲ್ಲಾ ಕೇಂದ್ರದ್ದು.

"ಆಗಿದೆ. ಒಂಬತ್ತು ವರ್ಷದ ಕೆಳಗೆ, ಮಂಗಳವಾರ, ಹನ್ನೊಂದು ನಲವತ್ತು. ಶಾಯಿ ಸ್ವಲ್ಪ ತೆಳು" ಎಂದರು.

ನನಗೆ ಹೆಮ್ಮೆಯಾಯಿತು. ಆ ಊರಲ್ಲೇ ನಾನು ಕಾಲೇಜು ಓದಿದ್ದು.

"ನಮ್ಮ ಕೆರೆ ನೋಡಿದ್ರಾ ಸಾರ್?"

"ಕೆರೆ ಎಲ್ಲಿದೆ?"

"ಅಂಚೆ ಕಚೇರಿ ಹಿಂದೇನೇ ಸಾರ್. ಹಿಂದಿನ ಕಿಟಕಿ ತೆಗೆದ್ರೆ ನೀರೇ ಕಾಣತ್ತೆ."

"ಹಿಂದೆ ಯಾಕೆ ಹೋಗ್ಲಿ? ಬಾಗಿಲು ಮುಂದಿತ್ತಲ್ಲ" ಎಂದು ಪುಸ್ತಕ ಮುಚ್ಚಿದರು.

ಕಚೇರಿಯಲ್ಲಿ ಅವರನ್ನು ಎಲ್ಲರೂ ಠಸ್ಸೆಯಣ್ಣ ಎನ್ನುತ್ತಿದ್ದರು. ಎದುರಿಗೂ ಹಾಗೇ ಕರೆಯುತ್ತಿದ್ದರು, ಅವರಿಗೆ ಅದು ಬಿರುದಿನಂತೆ ಕೇಳುತ್ತಿತ್ತು. ದೇಶದಲ್ಲಿ ನೂರ ನಲವತ್ತೆರಡು ಜಿಲ್ಲೆಗಳಿದ್ದವು. ಅಷ್ಟನ್ನೂ ನೋಡಿ ಮುಗಿಸುವವರೆಗೆ ಹೊರದೇಶದ ನೆಲ ಮೆಟ್ಟುವುದಿಲ್ಲ ಎಂಬುದು ಅವರ ವ್ರತ. ನೋಡಿದ್ದಕ್ಕೆ ಸಾಕ್ಷಿ, ಆಯಾ ಜಿಲ್ಲಾ ಕೇಂದ್ರದ ಅಂಚೆ ಕಚೇರಿಯಲ್ಲಿ ಪುಸ್ತಕಕ್ಕೆ ಹಾಕಿಸಿಕೊಂಡ ಮುದ್ರೆ. ಮುದ್ರೆ ಬಿದ್ದರೆ ಊರು ನೋಡಿದಂತೆ. ಬೀಳದಿದ್ದರೆ ಆ ಊರಲ್ಲಿ ಹತ್ತು ದಿನ ಇದ್ದರೂ ನೋಡಿದಂತಲ್ಲ. ಮುದ್ರೆ ಕಲಸಿಹೋದರೆ ಇನ್ನೊಮ್ಮೆ ಹೋಗಬೇಕು. ಹೀಗೆ ಒಂದು ಬೆಟ್ಟದ ಊರಿಗೆ ಅವರು ಮೂರು ಸಲ ಹೋಗಿದ್ದರು, ಬೆಟ್ಟ ಹತ್ತಿದ್ದು ಮಾತ್ರ ಒಂದು ಸಲವೂ ಇಲ್ಲ.

ಕಚೇರಿಯಲ್ಲಿ ಯಾರಾದರೂ ನಿವೃತ್ತರಾದರೆ ಭಾಷಣ ಠಸ್ಸೆಯಣ್ಣನದೇ. "ಎಲ್ಲರೂ ಹೊರದೇಶ, ಹೊರದೇಶ ಅಂತ ಬಾಯಿ ಬಿಡ್ತಾರೆ. ಸ್ವಾಮಿ, ಮೊದಲು ನಮ್ಮ ದೇಶ ಮುಗೀಲಿ!" ಎಂದು ಮೇಜು ಕುಟ್ಟುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನಂತೂ ಅಂಗೈ ಕೆಂಪಾಗುವಷ್ಟು ತಟ್ಟಿದ್ದೇನೆ. ದೇಶ ಎನ್ನುವುದು ಮುಗಿಸುವ ವಸ್ತುವೇ ಎಂದು ಆಗ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಅವರ ಮನೆಯಲ್ಲಿ. ಒಂಟಿ ಕೋಣೆಯಲ್ಲಿದ್ದ ನನ್ನನ್ನು ಒಂದು ಭಾನುವಾರ ಊಟಕ್ಕೆ ಕರೆದರು. ಕಚೇರಿಯ ಹಿಂದಿನ ಬೀದಿಯಲ್ಲಿ ನೌಕರರ ವಸತಿಗೃಹ, ಎರಡನೇ ಮಹಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಸುತ್ತ ಕತ್ತರಿಸಿಟ್ಟ ನೀಲಿ ಬಟ್ಟೆಯ ಕಾಲರುಗಳು. ಅವರ ಹೆಂಡತಿ ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುತ್ತಿದ್ದರು. ನಾನು ಅವರನ್ನು ಅಮ್ಮಾ ಎಂದೆ, ಅವರು ನನ್ನನ್ನು ತಮ್ಮಾ ಎಂದರು. ಇಬ್ಬರಿಗೂ ಅದೇ ರೂಢಿಯಾಯಿತು.

"ಅಮ್ಮಾ, ಇಷ್ಟು ಊರು ನೋಡಿದ್ದೀರಲ್ಲ, ಯಾವುದು ಇಷ್ಟವಾಯ್ತು?" ಎಂದೆ.

"ನಾನು ನೋಡಿರೋದು ಬೆಂಚು ತಮ್ಮಾ" ಎಂದರು ಆಕೆ, ಬಡಿಸುತ್ತ. "ಕಲ್ಲಿನ ಬೆಂಚಿದ್ರೆ ಆ ಊರು ಒಳ್ಳೇದು, ತಂಪಾಗಿರತ್ತೆ. ಕಬ್ಬಿಣದ ಬೆಂಚಾದ್ರೆ ಮಧ್ಯಾಹ್ನ ಕೂರೋಕಾಗಲ್ಲ. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಎಲ್ಲಾ ಊರೂ ಒಂದೇ."

"ಇವಳ ಮಾತು ಹಾಗೇ ಬಿಡು" ಎಂದು ಠಸ್ಸೆಯಣ್ಣ ನಕ್ಕರು.

"ಆ ಜಲಪಾತದ ಊರಿನ ಕತೆ ಹೇಳ್ಲಾ?"

"ಬೇಡ."

ಆಕೆ ಹೇಳಿದರು. ಆ ಊರಿನ ಗುಮಾಸ್ತ ಮುದ್ರೆಯ ತಾರೀಖು ಬದಲಾಯಿಸಲು ಮರೆತಿದ್ದನಂತೆ. ಪುಸ್ತಕಕ್ಕೆ ಹಿಂದಿನ ದಿನದ ಮುದ್ರೆ ಬಿತ್ತು. ಆ ಲೆಕ್ಕದಲ್ಲಿ ಇವರು ಮನೆಯಿಂದ ಹೊರಡುವ ಮೊದಲೇ ಅಲ್ಲಿಗೆ ತಲುಪಿದ್ದರು. ಗುಮಾಸ್ತನ ಜೊತೆ, ಅವನ ಮೇಲಿನವರ ಜೊತೆ ಎರಡೂವರೆ ಗಂಟೆ ವಾದ ನಡೆಯಿತು. ಹಳೆಯ ಮುದ್ರೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸದು ಹಾಕಿ, ಮೇಲಿನವರು ಸಹಿ ಮಾಡುವ ಹೊತ್ತಿಗೆ ವಾಪಸು ಬಸ್ಸು ಹಾರನ್ ಹೊಡೆಯುತ್ತಿತ್ತು.

"ಜಲಪಾತ ಎರಡೇ ಮೈಲಿ. ಬೆಂಚಿನ ಮೇಲೆ ಕೂತ್ರೆ ಸದ್ದು ಕೇಳ್ತಿತ್ತು. ನಾನು ಎರಡೂವರೆ ಗಂಟೆ ಸದ್ದು ನೋಡಿದೆ" ಎಂದರು ಆಕೆ.

ಇಷ್ಟಾದರೂ ಆಕೆ ಇಪ್ಪತ್ತನಾಲ್ಕು ವರ್ಷ ಅವರ ಹಿಂದೆ ಚೀಲ ಹಿಡಿದು ತಿರುಗಿದ್ದಕ್ಕೆ ಕಾರಣವಿತ್ತು. ಆಕೆಯ ಅಕ್ಕ ಹೊರದೇಶದಲ್ಲಿದ್ದರು, ಆಸ್ಪತ್ರೆಯಲ್ಲಿ ದಾದಿ. ತಾಯಿ ತೀರಿಕೊಂಡ ಮೇಲೆ, ತನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿಯನ್ನು ಸ್ನಾನ ಮಾಡಿಸಿ, ಜಡೆ ಹಾಕಿ, ಶಾಲೆಗೆ ಕಳಿಸಿ ಬೆಳೆಸಿದವರು ಅವರೇ. ತಂಗಿಯ ಮದುವೆ ಮುಗಿಸಿಯೇ ವಿಮಾನ ಹತ್ತಿದ್ದರು. "ಮುಂದಿನ ವರ್ಷ ಇಬ್ಬರೂ ಬನ್ನಿ" ಎಂದು ಕರೆದಾಗ ಹೊಸ ಮದುಮಗ ಹೇಳಿದ್ದು ಇದೇ ಮಾತು: ಮೊದಲು ನಮ್ಮ ದೇಶ ಮುಗೀಲಿ, ಆಮೇಲೆ ನೇರ ನಿಮ್ಮ ಮನೆಗೇ. ಆಕೆ ಅದನ್ನು ಗಂಡ ಕೊಟ್ಟ ಮಾತು ಎಂದು ತೆಗೆದುಕೊಂಡರು. ಒಂದೊಂದು ಜಿಲ್ಲೆ ಮುಗಿದಾಗಲೂ ಅಕ್ಕನ ಮನೆ ಒಂದು ಹೆಜ್ಜೆ ಹತ್ತಿರ ಬಂತೆಂದು ಬೆಂಚಿನ ಮೇಲೆ ಕೂತು ಕಾದರು. ನಡುವೆ ಒಮ್ಮೆ ತಾವೇ ಹೋಗಿ ಪಾಸ್‌ಪೋರ್ಟ್ ಮಾಡಿಸಿ ಹೊಲಿಗೆ ಯಂತ್ರದ ಖಾನೆಯಲ್ಲಿಟ್ಟಿದ್ದರು. ಹತ್ತು ವರ್ಷ ಅಲ್ಲೇ ಇದ್ದು ಅದರ ಅವಧಿ ಮುಗಿಯಿತು.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಅಕ್ಕನ ಫೋನು ಬಂತು. ಎರಡೂ ಮೊಣಕಾಲು ಸವೆದಿವೆ, ಐದು ತಿಂಗಳ ನಂತರ ಆಪರೇಷನ್, ದಿನ ಗೊತ್ತಾಗಿದೆ. ಅಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಮನೆಯಲ್ಲಿ ಮೂರು ತಿಂಗಳು ಜೊತೆಗಿರುವವರು ಇಲ್ಲದಿದ್ದರೆ ಆಸ್ಪತ್ರೆಯವರು ಮನೆಗೆ ಕಳಿಸುವುದಿಲ್ಲ, ಯಾವುದೋ ಆರೈಕೆ ಕೇಂದ್ರಕ್ಕೆ ಸೇರಿಸುತ್ತಾರೆ. ಜನ್ಮವೆಲ್ಲ ಬೇರೆಯವರ ಹಾಸಿಗೆ ಸರಿಮಾಡಿದವರು, "ನನ್ನ ಹಾಸಿಗೆ ಸರಿಮಾಡೋಕೆ ನೀನು ಬರ್ತೀಯೇನೇ?" ಎಂದು ಕೇಳಿದ್ದರು.

ಠಸ್ಸೆಯಣ್ಣ ಕಲ್ಲೆದೆಯವರಲ್ಲ. ಆಗ ಉಳಿದಿದ್ದದ್ದು ನಾಲ್ಕೇ ಜಿಲ್ಲೆ. ಅಂದೇ ರೈಲು ವೇಳಾಪಟ್ಟಿ ಹರಡಿಕೊಂಡು ಕೂತರು. ಒಂಬತ್ತು ದಿನದಲ್ಲಿ ನಾಲ್ಕೂ ಮುಗಿಸಿ, ಆಮೇಲೆ ಪಾಸ್‌ಪೋರ್ಟ್, ಆಮೇಲೆ ವೀಸಾ, ಆಮೇಲೆ ಅಕ್ಕನ ಮನೆ ಎಂದು ಬರೆದು ಗೋಡೆಗೆ ಅಂಟಿಸಿದರು. ಆಕೆ ಯಂತ್ರ ತುಳಿಯುತ್ತ ಗುನುಗಿದ್ದನ್ನು ನಾನು ಮೊದಲ ಸಲ ಕೇಳಿದೆ.

ಮುಂದಿನ ವಾರವೇ ಸರ್ಕಾರ ಹೊಸ ಜಿಲ್ಲೆಗಳನ್ನು ಘೋಷಿಸಿತು. ಮೂರು. ಆಡಳಿತ ಜನರ ಹತ್ತಿರ ಬರಲಿ ಎಂಬುದು ಉದ್ದೇಶವಂತೆ. ಕಚೇರಿಯಲ್ಲಿ ಬಡಗಿ ಬಂದು ಗೋಡೆಗೆ ಮೂರು ಗೂಡು ಹೆಚ್ಚು ಹೊಡೆಯುತ್ತಿದ್ದ. ಪ್ರತಿ ಸುತ್ತಿಗೆ ಏಟಿಗೂ ಠಸ್ಸೆಯಣ್ಣನ ಭುಜ ಕುಣಿಯುತ್ತಿತ್ತು.

"ಸಾರ್, ಹಳೇ ಜಿಲ್ಲೆಯನ್ನೇ ತಾನೇ ಒಡೆದಿದ್ದು? ಆ ನೆಲಕ್ಕೆಲ್ಲಾ ನೀವು ಆಗಲೇ ಹೋಗಿದ್ದೀರಲ್ಲ" ಎಂದೆ. ಮೂರರಲ್ಲೊಂದು ನಮ್ಮ ಜಿಲ್ಲೆಯಿಂದಲೇ ಒಡೆದದ್ದು, ನಮ್ಮ ಹಳ್ಳಿ ಅದರ ಪಾಲಿಗೆ ಹೋಗಿತ್ತು.

"ಗೂಡು ಬೇರೆ ಆಯ್ತಲ್ಲಯ್ಯಾ! ಹೊಸ ಗೂಡಿಗೆ ಹಳೇ ಮುದ್ರೆ ಹೇಗೆ ನಡೆಯತ್ತೆ? ಮಾತು ಅಂದ್ರೆ ಮಾತು. ನಾಲ್ಕಲ್ಲ, ಏಳು."

ಮನೆಯ ಗೋಡೆಯ ಕಾಗದದಲ್ಲಿ ಒಂಬತ್ತು ದಿನ ಹೋಗಿ ಹದಿನೇಳು ದಿನವಾಯಿತು. ಅಷ್ಟು ರಜೆ ಒಟ್ಟಿಗೆ ಸಿಗುವುದಿಲ್ಲ ಎಂದು ಮೇಲಧಿಕಾರಿ ಹೇಳಿದ ಮೇಲೆ, ಹದಿನೇಳು ದಿನ ಮೂರು ಕಂತಾಗಿ, ಕಂತುಗಳು ಆಪರೇಷನ್ ದಿನವನ್ನೂ ದಾಟಿ ಹೋದವು.

ಆ ವಾರ ನಾನೊಬ್ಬನೇ ಇದ್ದಾಗ ಆಕೆ ಕರೆದರು. "ತಮ್ಮಾ, ನೀನು ಓದಿದವನು. ಪಾಸ್‌ಪೋರ್ಟಿನ ಅರ್ಜಿ ಈಗ ಕಂಪ್ಯೂಟರಲ್ಲೇ ಅಂತಲ್ಲ, ತುಂಬಿಕೊಡ್ತೀಯಾ?"

ಹಿರಿಯ ಸಹೋದ್ಯೋಗಿಗೆ ತಿಳಿಯದಂತೆ ಮಾಡಲು ನನಗೆ ಮನಸ್ಸಾಗಲಿಲ್ಲ. ಹಾಗೆಂದೆ.

"ಮುಚ್ಚಿಡೋದು ಏನೂ ಇಲ್ಲ. ಅವರ ಎದುರಿಗೇ ಕೊಡ್ತೀನಿ. ನೀನು ದಿನ ಗೊತ್ತು ಮಾಡು" ಎಂದರು.

ತುಂಬಿದೆ. ಹತ್ತಿರದ ಕೇಂದ್ರಗಳಲ್ಲೆಲ್ಲ ಮೂರು ತಿಂಗಳವರೆಗೆ ಖಾಲಿ ಇರಲಿಲ್ಲ. ಖಾಲಿ ಇದ್ದದ್ದು ಒಂದೇ ಕಡೆ. ನಮ್ಮ ಹಳ್ಳಿಗೆ ಹತ್ತಿರದ, ಈಗ ಹೊಸ ಜಿಲ್ಲಾ ಕೇಂದ್ರವಾದ ಪಟ್ಟಣದಲ್ಲಿ. ಅಲ್ಲಿನ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಕೌಂಟರ್ ತೆರೆದಿದ್ದರು. ಬುಧವಾರ ಹತ್ತೂವರೆಗೆ.

"ಅಷ್ಟು ದೂರ ಹೇಗಮ್ಮಾ ಹೋಗ್ತೀರಿ?"

ಆಕೆ ಮೊದಲು ಮುಗುಳ್ನಕ್ಕರು, ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಂಚೆ ಕಚೇರಿ ತಾನೇ? ಅಲ್ಲಿಗೆ ಅವರೇ ಕರ್ಕೊಂಡು ಹೋಗ್ತಾರೆ ಬಿಡು."

ಹಾಗೇ ಆಯಿತು. "ಇವನ ಊರಿನ ಜಿಲ್ಲೆಯಿಂದಲೇ ಶುರು ಮಾಡೋಣ ರೀ, ಬುಧವಾರ. ಇಳ್ಕೊಳ್ಳೋಕೆ ಇವನ ಮನೆ ಇದೆ" ಎಂದು ಆಕೆ ಹೇಳಿದ್ದೇ, ಠಸ್ಸೆಯಣ್ಣ ಹೆಂಡತಿಗೂ ಕೊನೆಗೆ ಉತ್ಸಾಹ ಬಂತೆಂದು ಬೀಗಿದರು. ನಾನೂ ರಜೆ ಹಾಕಿ ಜೊತೆಗೆ ಹೋದೆ.

ಬುಧವಾರ ಹತ್ತೂ ಕಾಲಿಗೆ ಅಂಚೆ ಕಚೇರಿ ಮುಟ್ಟಿದೆವು. ಹೊಸ ಬಣ್ಣ, ಹೊಸ ಬೋರ್ಡು. ಗೋಡೆ ಬದಿಯಲ್ಲಿ ಮರದ ಬೆಂಚು. ಆಕೆ ರೂಢಿಯಂತೆ ಅದರ ಮೇಲೆ ಕೂತರು. ಠಸ್ಸೆಯಣ್ಣ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಒಂದನೇ ಕೌಂಟರಿಗೆ ನಡೆದರು.

"ಹೊಸ ಜಿಲ್ಲೆ ಹೆಸರಿರೋ ಮುದ್ರೆ ಬೇಕಮ್ಮಾ. ಗಟ್ಟಿಯಾಗಿ ಒಂದೇ ಏಟು ಹಾಕಿ, ಎರಡು ಸಲ ಒತ್ತಬೇಡಿ."

ಕೌಂಟರಿನ ಹೆಂಗಸು ಪುಸ್ತಕವನ್ನೂ ಅವರನ್ನೂ ನೋಡಿದಳು. "ಅದು ಇನ್ನೂ ಬಂದಿಲ್ಲ ಸಾರ್. ಜಿಲ್ಲೆ ಬಂದಿದೆ, ಜಿಲ್ಲಾಧಿಕಾರಿ ಬಂದಿದ್ದಾರೆ, ಅವರ ಕಾರೂ ಬಂದಿದೆ. ಮುದ್ರೆ ಬಂದಿಲ್ಲ. ಹಳೇದು ಹಾಕ್ಲಾ?"

"ಹಳೇದು ನನ್ನ ಹತ್ರ ಇದೆ! ಹೊಸದು ಯಾವಾಗ ಬರತ್ತೆ?"

"ಆರು ತಿಂಗಳು ಅಂತಾರೆ. ಹಿಂದಿನ ಸಲ ನಾಲ್ಕು ಕುರ್ಚಿ ಕೇಳಿದ್ವಿ ಸಾರ್, ಮೂರು ವರ್ಷಕ್ಕೆ ಎರಡು ಬಂತು."

ಠಸ್ಸೆಯಣ್ಣ ಮೆಲ್ಲಗೆ ತಿರುಗಿದರು. "ಇವಳೇ, ಇದು ಲೆಕ್ಕಕ್ಕಿಲ್ಲವಂತೆ" ಎಂದರು ಬೆಂಚಿನ ಕಡೆ. ಬೆಂಚು ಖಾಲಿ ಇತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ಖಾಲಿ ಬೆಂಚು ನೋಡಿದ್ದು ಅದೇ ಮೊದಲಿರಬೇಕು. ಬಾಯಿ ಹಾಗೇ ತೆರೆದಿತ್ತು.

ಆಕೆ ಮೂರನೇ ಕೌಂಟರಿನ ಮುಂದೆ ನಿಂತಿದ್ದರು. ಒಳಗಿನ ಗುಮಾಸ್ತ ಹಳೆಯ ಪಾಸ್‌ಪೋರ್ಟಿನ ಪುಟಗಳನ್ನು ಒಂದೊಂದೇ ತಿರುವುತ್ತಿದ್ದ.

"ಒಂದೂ ಪ್ರಯಾಣ ಮಾಡಿಲ್ವಾ ಅಮ್ಮಾ?"

"ನೂರ ಮೂವತ್ತೆಂಟು ಮಾಡಿದ್ದೀನಿ. ಇದರಲ್ಲಿ ಬಿದ್ದಿಲ್ಲ."

ಠಸ್ಸೆಯಣ್ಣ ಓಡಿಬಂದರು. "ಏನಿದು?"

"ಪಾಸ್‌ಪೋರ್ಟ್ ರೀ. ನಂದು."

"ಇನ್ನೂ ಏಳು ಜಿಲ್ಲೆ ಇದೆ!"

"ಇರಲಿ ಬಿಡಿ, ಎಲ್ಲಿಗೂ ಓಡಿಹೋಗಲ್ಲ. ಅಕ್ಕನ ಆಪರೇಷನ್ ದಿನ ಗೊತ್ತಾಗಿದೆ. ನಿಮ್ಮ ಮುದ್ರೆ ಬರೋ ದಿನ ಆ ಕೌಂಟರಿನ ಹುಡುಗಿಗೂ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ."

"ದೇಶ ಪೂರ್ತಿ ನೋಡಿದ ಮೇಲೇ ಅಂತ ಮಾತಾಗಿತ್ತು."

"ಹೌದು, ನೋಡಿದ ಮೇಲೆ ಅಂತ. ನೋಡಿದ್ದೀರಾ? ಇವನು ಕಾಲೇಜು ಓದಿದ ಊರಲ್ಲಿ ಕೆರೆ ಯಾವ ಬಣ್ಣ ಇತ್ತು, ಹೇಳಿ."

ಠಸ್ಸೆಯಣ್ಣ ನನ್ನ ಮುಖ ನೋಡಿದರು. ಸಾಲಿನಲ್ಲಿ ಹಿಂದೆ ನಿಂತಿದ್ದ ಮುದುಕರೊಬ್ಬರು ಕಿವಿಗೆ ಕೈ ಹಿಡಿದು, "ಹೇಳಿ ಸಾರ್, ನಾವೂ ಕೇಳ್ತೀವಿ" ಎಂದರು. ಯಾರೋ ಕಿಸಕ್ಕೆಂದರು.

ಆಕೆ ದನಿ ಏರಿಸಲಿಲ್ಲ. ಕೌಂಟರಿನ ಮೇಲಿದ್ದ ಪಾಸ್‌ಪೋರ್ಟನ್ನು ಎತ್ತಿ ಅವರ ಕೆಂಪು ಪುಸ್ತಕದ ಮೇಲಿಟ್ಟರು. "ನಿಮ್ಮ ಪುಸ್ತಕ ತುಂಬೋಕೆ ಬಂತು. ನನ್ನ ಪುಸ್ತಕ ಒಂದು ಠಸ್ಸೆಯೂ ಬೀಳದೆ ಸತ್ತುಹೋಯ್ತು ರೀ. ಅಕ್ಕನೂ ನನ್ನ ದಾರಿ ಕಾಯ್ತಾನೇ ಹೋಗಬೇಕಾ?"

ಯಾರೂ ನಗಲಿಲ್ಲ. ಠಸ್ಸೆಯಣ್ಣ ಆ ಪುಟ್ಟ ಪುಸ್ತಕವನ್ನು ತೆರೆದು ನೋಡಿದರು. ಬಿಳಿ ಪುಟ, ಮತ್ತೆ ಬಿಳಿ ಪುಟ. ಕೊನೆಯವರೆಗೂ ತಿರುವಿದರು. ಗುಮಾಸ್ತ ಕೆಮ್ಮಿ, "ಸಾರ್, ಅರ್ಜಿ ತಗೊಳ್ಲಾ, ಬೇಡವಾ?" ಎಂದ. ಅವನಿಗೆ ಗಂಡನ ಒಪ್ಪಿಗೆ ಬೇಕಿರಲಿಲ್ಲ, ಸಾಲು ಮುಂದೆ ಸಾಗಬೇಕಿತ್ತು.

ಠಸ್ಸೆಯಣ್ಣ ಕೈ ಚಾಚಿ ಅರ್ಜಿಯ ಪ್ರಿಂಟನ್ನು ತೆಗೆದುಕೊಂಡರು. ಹರಿದುಹಾಕುತ್ತಾರೆಂದುಕೊಂಡು ನಾನು ಒಂದು ಹೆಜ್ಜೆ ಮುಂದೆ ಬಂದೆ. ಅವರು ಕನ್ನಡಕ ಏರಿಸಿ ಮೇಲಿನಿಂದ ಓದತೊಡಗಿದರು. ಅರ್ಧಕ್ಕೆ ಬಂದು ನಿಂತರು.

"ಇದನ್ನ ತುಂಬಿದ್ದು ಯಾರು?"

"ನಾನು ಸಾರ್" ಎಂದೆ.

"ಎರಡು ವರ್ಷದಿಂದ ನನ್ನ ಪಕ್ಕ ಕೂತು ಇದೇನಾ ಕಲಿತಿದ್ದು? ಪಿನ್ ಕೋಡಿನ ಕೊನೇ ಅಂಕಿ ತಪ್ಪು. ಹೀಗೆ ಕಳಿಸಿದ್ರೆ ಇವಳ ಪಾಸ್‌ಪೋರ್ಟ್ ನಮ್ಮ ಬೀದಿಗೆ ಬರಲ್ಲ, ನದಿ ಆಚೆ ಹೋಗಿ ಕೂರತ್ತೆ. ಅಲ್ಲಿಂದ ತಿರುಗಿ ಬರೋಕೆ ಒಂದು ತಿಂಗಳು. ಆಮೇಲೆ ವೀಸಾ ಬರೋ ಹೊತ್ತಿಗೆ ಆಪರೇಷನ್ ಮುಗಿದಿರತ್ತೆ."

ಗುಮಾಸ್ತನಿಂದ ಪೆನ್ನು ಕೇಳಿ ಪಡೆದು ಅಂಕಿಯನ್ನು ತಿದ್ದಿದರು, ಪಕ್ಕದಲ್ಲಿ ಹೆಂಡತಿಯಿಂದ ಸಹಿ ಹಾಕಿಸಿದರು. "ತಗೊಳ್ಳಿ" ಎಂದರು. ಆಕೆ ಕೌಂಟರಿನ ಅಂಚನ್ನು ಹಿಡಿದಿದ್ದ ಬೆರಳುಗಳನ್ನು ಸಡಿಲ ಬಿಟ್ಟರು.

ಮಧ್ಯಾಹ್ನ ನಮ್ಮ ಮನೆಗೆ ಹೋದೆವು. ಠಸ್ಸೆಯಣ್ಣನಿಗೆ ಮಾಡಲು ಏನೂ ಉಳಿದಿರಲಿಲ್ಲ. ಮುದ್ರೆ ಸಿಕ್ಕಿದ್ದರೆ ಮೂರರ ಬಸ್ಸು ಹಿಡಿಯುತ್ತಿದ್ದರು. ಅಂಗಳದಲ್ಲಿ ಅತ್ತಿಂದಿತ್ತ ನಡೆದು, ಕೊನೆಗೆ ನಮ್ಮಮ್ಮನನ್ನು ಕೇಳಿದರು: "ಇಲ್ಲಿ ನೋಡೋ ಅಂಥದ್ದು ಏನಿದೆ?"

ಅಮ್ಮ ಯೋಚಿಸಿದಳು. "ಏನಿದೆಯಪ್ಪಾ? ನಾವಿದ್ದೀವಿ" ಎಂದಳು.

ಠಸ್ಸೆಯಣ್ಣ ಜಗಲಿಯ ಮೇಲೆ ಕೂತರು. ನೀರು ಹೊತ್ತು ಬಂದವರು, ದನ ಹೊಡೆದುಕೊಂಡು ಬಂದವರು, ಎಲ್ಲರೂ ಅವರನ್ನು ಮಾತಾಡಿಸಿ ಹೋದರು. ಅವರ ಹೆಂಡತಿ ಅಮ್ಮನ ಜೊತೆ ಹೊಲದ ಕಡೆ ಹೋದವರು ಕತ್ತಲಾಗುವ ಹೊತ್ತಿಗೆ ಕಾಲೆಲ್ಲ ಮಣ್ಣು ಮಾಡಿಕೊಂಡು ಬಂದರು.

ಪಾಸ್‌ಪೋರ್ಟ್ ಇಪ್ಪತ್ತಮೂರನೇ ದಿನ ನಮ್ಮ ಕಚೇರಿಯ ಚೀಲದಲ್ಲೇ ಬಂತು. ಲಕೋಟೆ ಠಸ್ಸೆಯಣ್ಣನ ಕೈಗೇ ಸಿಕ್ಕಿತು. ಎಸೆಯಲಿಲ್ಲ. ಸ್ಟೂಲಿನಿಂದ ಇಳಿದು, ನಡೆದುಹೋಗಿ ತಮ್ಮ ಬೀದಿಯ ಗೂಡಿನಲ್ಲಿಟ್ಟು ಬಂದರು. "ಮನೆಗೆ ನೀವೇ ತಗೊಂಡು ಹೋಗಬಹುದಲ್ಲ ಸಾರ್" ಎಂದೆ. "ಅಂಚೆಯವನು ಕೊಡಬೇಕು. ನಾನು ವಿಂಗಡಿಸೋನು ಅಷ್ಟೇ" ಎಂದರು. ವೀಸಾ ಆಪರೇಷನ್ನಿಗೆ ಹನ್ನೆರಡು ದಿನ ಇರುವಾಗ ಬಂತು. ಆಕೆ ಒಬ್ಬರೇ ವಿಮಾನ ಹತ್ತಿದರು. ಠಸ್ಸೆಯಣ್ಣ ಗಾಜಿನ ಬಾಗಿಲ ಹೊರಗೆ ನಿಂತು, ಚೀಲ ಯಾವ ಪಟ್ಟಿಯ ಮೇಲೆ ಹೋಯಿತೆಂದು ಕುತ್ತಿಗೆ ಚಾಚಿ ನೋಡುತ್ತಿದ್ದರು.

ಮೂರು ತಿಂಗಳು ಅವರು ಕಚೇರಿಯ ಕ್ಯಾಂಟೀನಿನಲ್ಲಿ ಉಂಡು ಸೊರಗಿದರು. ಆ ನಡುವೆ ಲೆಕ್ಕಪತ್ರ ವಿಭಾಗದವರೊಬ್ಬರು ನಿವೃತ್ತರಾದರು. ಎಲ್ಲರೂ ಭಾಷಣಕ್ಕೆ ಕಾದರು. ಠಸ್ಸೆಯಣ್ಣ ಎದ್ದು, "ಎಲ್ಲರೂ ಮೊಣಕಾಲು ಜೋಪಾನವಾಗಿ ನೋಡ್ಕೊಳ್ಳಿ" ಎಂದು ಕೂತುಬಿಟ್ಟರು. ಉಪ್ಪು ಖಾರವಿಲ್ಲದ ಭಾಷಣವೆಂದು ಕಚೇರಿಯೆಲ್ಲ ಬೇಸರಪಟ್ಟಿತು. ಹಾಗೆ ಗೊಣಗಿದವರಲ್ಲಿ ಒಬ್ಬರೂ ಪಕ್ಕದ ಜಿಲ್ಲೆ ನೋಡಿದವರಲ್ಲ. ಅಕ್ಕ ಕೋಲು ಹಿಡಿದು ಅಡುಗೆಮನೆಯವರೆಗೆ ನಡೆದರಂತೆ ಎಂಬ ಸುದ್ದಿ ಬಂದ ದಿನ ಮಾತ್ರ ಅವರು ನನಗೆ ಚಹಾ ಕೊಡಿಸಿದರು.

ಈಗ ಅವರು ನಿವೃತ್ತರು. ವಾರಕ್ಕೆ ಮೂರು ದಿನ ನಿವೃತ್ತ ನೌಕರರ ಸಂಘದಲ್ಲಿ ಕೂತು ಪಿಂಚಣಿ ಅರ್ಜಿ ತುಂಬಿಕೊಡುತ್ತಾರೆ. ಏಳು ಜಿಲ್ಲೆ ಹಾಗೇ ಉಳಿದಿದ್ದರೂ, ವರ್ಷಕ್ಕೆ ಎರಡು ತಿಂಗಳು ಹೆಂಡತಿಯ ಜೊತೆ ಹೊರದೇಶಕ್ಕೆ ಹೋಗಿ ಅಕ್ಕನ ಮನೆಯಲ್ಲಿರುತ್ತಾರೆ. ಅಲ್ಲಿ ಪಾತ್ರೆ ತೊಳೆಯುವ ಕೆಲಸ ಅವರದು.